ಇಪ್ಪತ್ತೇಳರ ಮೊಟ್ಟೆ

ನವೆಂಬರ್ 17, ಸೋಮವಾರ

ಬಿ.ಪಿ. ನೋಡುವ ಡಾಕ್ಟರು ಹೇಳಿದ್ದು ಇಷ್ಟು: "ಯಶೋಧರಾ ಮೇಡಂ, ಯಾರ ಮೇಲೂ ರೇಗಬೇಡ್ರಿ. ರೇಗಲೇಬೇಕು ಅನ್ನಿಸಿದ್ರೆ ಒಂದು ಕಡೆ ಬರೆದಿಡ್ರಿ." ಅದಕ್ಕೇ ಈ ಡೈರಿ. ಜನವರಿಯಲ್ಲಿ ದಿನಸಿ ಅಂಗಡಿಯ ಮುರುಗೇಶಪ್ಪನವರು ಕೊಟ್ಟಿದ್ದು, ಹತ್ತು ತಿಂಗಳಿಂದ ಖಾಲಿ ಬಿದ್ದಿತ್ತು.

ಇವತ್ತು ರೇಗಿದ್ದು ಮೊಟ್ಟೆಯ ಮೇಲೆ. ಒಂದಕ್ಕೆ ಆರೂವರೆ. ಚೀಟಿಯಲ್ಲಿ ಅಂಕಿ ತಪ್ಪಿರಬೇಕು ಎಂದು ಫೋನ್ ಮಾಡಿದರೆ ಮುರುಗೇಶಪ್ಪನವರು, "ಕೋಳೀನ ಕೇಳ್ರಿ ಮೇಡಂ, ನನ್ನ ಯಾಕೆ ಕೇಳ್ತೀರಿ" ಅಂದರು. ನಕ್ಕೆ. ಮೂರು ತಿಂಗಳ ಬಿಲ್ಲು ಬಾಕಿ ಇಟ್ಟುಕೊಂಡವಳು ಅಂಗಡಿಯವರ ತಮಾಷೆಗೆ ನಗಲೇಬೇಕು.

ಅರವತ್ತು ಹುಡುಗಿಯರ ಹಾಸ್ಟೆಲು. ತಲೆಗೆ ದಿನಕ್ಕೆ ಅರವತ್ತು ರೂಪಾಯಿ ಆಸುಪಾಸು. ಅದರಲ್ಲೇ ತಿಂಡಿ, ಎರಡು ಊಟ, ಗ್ಯಾಸು, ಮಂಗಳವಾರ ಶುಕ್ರವಾರ ಮೊಟ್ಟೆ. ಹುಡುಗಿ ಊರಿಗೆ ಹೋದ ದಿನ ಅವಳ ಅರವತ್ತು ರೂಪಾಯಿಯೂ ಅವಳ ಜೊತೆಗೇ ಊರಿಗೆ ಹೋಗುತ್ತದೆ. ಅಡುಗೆಯ ಅಂಜಿನಮ್ಮ ಬೇಳೆ ಆರಿಸುತ್ತಾ, "ರಜಕ್ಕೆ ಹೋದೋರ ಹೆಸರಿಗೂ ಹಾಜರಿ ಹಾಕ್ಕಂಬಿಡ್ರಿ. ಹಿಂದಿನ ಮೇಡಂ ಹಾಕ್ತಿದ್ರು. ಸಾರು ಗಟ್ಟಿ ಆಗ್ತಿತ್ತು" ಅಂದಳು. ನಾನು, "ನನ್ನ ರಿಜಿಸ್ಟರಿನಲ್ಲಿ ಇದ್ದವರು ಇದ್ದಾರೆ, ಇಲ್ಲದವರು ಇಲ್ಲ" ಅಂದೆ. ಸ್ವಲ್ಪ ಜೋರಾಗಿಯೇ ಅಂದೆ.

ಹೊನ್ನಾಳಿಯ ಹಾಸ್ಟೆಲಿನಲ್ಲಿ ನಾನು ಓದುತ್ತಿದ್ದಾಗ ನಮ್ಮ ವಾರ್ಡನ್ ಸಂಜೆ ತಲೆ ಮುಟ್ಟಿ ಎಣಿಸುತ್ತಿದ್ದರು. ಮನೆಯಲ್ಲಿ ಯಾರೂ ಹಾಗೆ ದಿನಾ ನನ್ನ ತಲೆ ಮುಟ್ಟಿದ್ದಿಲ್ಲ. ನಾನೂ ಹಾಗೇ ಎಣಿಸುತ್ತೇನೆ. ಹುಡುಗಿಯರು ನಂಬರು ಕೂಗುತ್ತಾರೆ, ನಾನು ಮುಟ್ಟುತ್ತಾ ಹೋಗುತ್ತೇನೆ, ಕೊನೆಗೆ ಅಂಗೈಯೆಲ್ಲ ಕೊಬ್ಬರಿ ಎಣ್ಣೆ. ಇಪ್ಪತ್ತೇಳನೆಯವಳು ರುದ್ರಾಣಿ, ಜಗಳೂರು ಕಡೆಯ ಹುಡುಗಿ, ಹತ್ತನೇ ಕ್ಲಾಸು. ನಾನು ಇನ್ನೂ ಇಪ್ಪತ್ತೈದರಲ್ಲಿ ಇರುವಾಗಲೇ ಕರುವಿನ ಹಾಗೆ ತಲೆ ಮುಂದಕ್ಕೆ ಒಡ್ಡಿ ನಿಂತಿರುತ್ತಾಳೆ. ಇವತ್ತು ಐವತ್ತೆಂಟು ತಲೆ. ಐವತ್ತೆಂಟು ಬರೆದೆ.

ನವೆಂಬರ್ 28, ಶುಕ್ರವಾರ

ನ್ಯಾಮತಿ ತಾಲೂಕಾಗಿ ಇಷ್ಟು ವರ್ಷವಾದರೂ ನಮ್ಮ ಬಿಲ್ಲುಗಳಿಗೆ ಹೊನ್ನಾಳಿಯೇ ತವರುಮನೆ. ಖಜಾನೆಯ ಕಲ್ಲೇಶ್ ಒಳ್ಳೆಯ ಮನುಷ್ಯ, ಕುರ್ಚಿ ಕೊಟ್ಟು ಕೂರಿಸಿಯೇ ಇಲ್ಲ ಅನ್ನುತ್ತಾನೆ.

"ಬಿಲ್ ಪಾಸಾಗೈತೆ ಮೇಡಂ."

"ಹಾಗಾದರೆ ದುಡ್ಡು?"

"ಪಾಸಾಗಾದು ಬೇರೆ, ದುಡ್ಡು ಬರಾದು ಬೇರೆ. ಮೇಲಿಂದ ಬಿಡುಗಡೆ ಆಗಿಲ್ಲ. ಇಷ್ಟು ತೆರಿಗೆ ಬರ್ತೈತೆ ಅಂತ ಮಾರ್ಚಲ್ಲಿ ಅಂದಾಜು ಬರ್ಕಂಡಿದ್ರು. ಅಷ್ಟು ಬರವಲ್ದು. ರೇಟು ನೋಡಿದ್ರೆ ಎಲ್ಲಾದ್ರದ್ದೂ ಏರೈತೆ. ಈಗ ಮುಂದಕ್ಕೆ ಹಾಕಾಕೆ ಆಗೋದು ಯಾವ್ದು, ನೀವೇ ಹೇಳ್ರಿ. ಸಂಬಳ ಆಗಲ್ಲ. ಪಿಂಚಣಿ ಆಗಲ್ಲ. ಸಾಲದ ಬಡ್ಡಿ ಆಗಲ್ಲ. ನಿಮ್ಮ ಸಾರು ಆಗ್ತೈತೆ."

ದೇವರು ಕೊಟ್ಟರೂ ಪೂಜಾರಿ ಕೊಡ ಅಂತಾರೆ. ಇಲ್ಲಿ ಪೂಜಾರಿಯ ಕೈಯೂ ಖಾಲಿ. ಕಲ್ಲೇಶನ ಮೇಲೆ ರೇಗಲು ಆಗಲಿಲ್ಲ, ಟೀ ಕುಡಿದು ಬಂದೆ. ಸರ್ಕಾರಿ ಬಸ್ಸು ಸಿಗಲಿಲ್ಲ. ಹೆಂಗಸರಿಗೆ ಪುಕ್ಕಟೆ ಟಿಕೇಟು ಸರಿ, ಆದರೆ ನಮ್ಮ ಕಡೆ ಓಡುವುದು ಖಾಸಗಿ ಬಸ್ಸೇ. ನನ್ನ ಗಂಡ ಧರ್ಮಪ್ಪನೇ ಅಂಥ ಒಂದು ಬಸ್ಸಿನ ಕಂಡಕ್ಟರು. ಅವನೂ ನನಗೆ ಟಿಕೇಟಿನ ದುಡ್ಡು ಬಿಡುವುದಿಲ್ಲ.

ಡಿಸೆಂಬರ್ 9, ಮಂಗಳವಾರ

ಮೊಟ್ಟೆ ಏಳು ರೂಪಾಯಿ. ಇವತ್ತಿನಿಂದ ತಲೆಗೆ ಅರ್ಧ.

ಬೇಯಿಸಿದ ಮೊಟ್ಟೆಯನ್ನು ಚಾಕುವಿನಿಂದ ಕೊಯ್ದರೆ ಒಳಗಿನ ಹಳದಿ ಭಂಡಾರ ಪುಡಿಯಾಗಿ ಉದುರುತ್ತದೆ, ಒಬ್ಬಳಿಗೆ ಹೆಚ್ಚು ಒಬ್ಬಳಿಗೆ ಕಡಿಮೆ. ಹೊಲಿಗೆ ದಾರ ಸುತ್ತಿ ಎಳೆದರೆ ನೀಟಾಗಿ ಎರಡು ಹೋಳು. ಅಂಜಿನಮ್ಮನಿಗೆ ಕಣ್ಣು ಮಂಜು, ಅದಕ್ಕೆ ನಾನೇ ಕೂತು ಇಪ್ಪತ್ತೊಂಬತ್ತು ಮೊಟ್ಟೆ ದಾರದಲ್ಲಿ ಕೊಯ್ದೆ. ಪಾಪ, ಅವಳಿಗೂ ನಾಲ್ಕು ತಿಂಗಳ ಸಂಬಳ ಬಂದಿಲ್ಲ. ಗುತ್ತಿಗೆಯವಳು, ಅವಳದು ಸಂಬಳದ ಲೆಕ್ಕಕ್ಕೆ ಬರುವುದಿಲ್ಲವಂತೆ.

ಹುಡುಗಿಯರು ಗೊಣಗಲಿಲ್ಲ. ಗೊಣಗಿದ್ದರೆ ಚೆನ್ನಾಗಿತ್ತು. ರುದ್ರಾಣಿ ಮಾತ್ರ ತಟ್ಟೆ ಹಿಡಿದು ಬಂದು, "ಮೇಡಂ, ವಾರಕ್ಕೆ ಎರಡು ಸಲ ಅರ್ಧ ಅಂದ್ರೆ ಒಂದು. ಒಂದೇ ದಿನ ಇಡೀದು ಕೊಟ್ಬಿಡ್ರಿ. ಲೆಕ್ಕ ಅದೇ ಆಗ್ತೈತೆ, ಆದ್ರೆ ಇಡೀದು ತಿಂದಂಗೆ ಇರ್ತೈತೆ" ಅಂದಳು. ಗಣಿತದಲ್ಲಿ ಅವಳದು ಯಾವಾಗಲೂ ತೊಂಬತ್ತರ ಮೇಲೆ. ಪಾಲಿಟೆಕ್ನಿಕ್ ಸೇರುತ್ತೇನೆ ಅನ್ನುತ್ತಿರುತ್ತಾಳೆ. ಸುತ್ತೋಲೆಯಲ್ಲಿ ವಾರಕ್ಕೆರಡು ದಿನ ಎಂದಿದೆ ಕಣೆ ಎಂದು ಹೇಳಿ ಕಳಿಸಿದೆ. ಆಮೇಲೆ ನನಗೇ ನಗು ಬಂತು, ಆಮೇಲೆ ಅಳು ಬಂತು.

ಡಿಸೆಂಬರ್ 24, ಬುಧವಾರ

ಗುರುವಾರ ಕ್ರಿಸ್ಮಸ್, ಆಮೇಲೆ ಶನಿವಾರ ಭಾನುವಾರ. ಏಳು ಹುಡುಗಿಯರು ಊರಿಗೆ ಹೊರಟರು. ರುದ್ರಾಣಿಯನ್ನು ಕರೆಯಲು ಅವಳ ಅವ್ವ ಓಬವ್ವ ಬಂದಿದ್ದಳು. ಊರಿಗಲ್ಲ, ಬಸವಾಪಟ್ಟಣಕ್ಕೆ. ಅಲ್ಲಿ ಅಡಿಕೆ ಸುಲಿಯುವ ಶೆಡ್ಡಿನಲ್ಲಿ ಅವಳು ತಿಂಗಳಿಂದ ಇದ್ದಾಳೆ.

"ಹತ್ತನೇ ಕ್ಲಾಸು ಓಬವ್ವ, ಬಿಟ್ಟುಬಿಡು ಅವಳನ್ನ" ಅಂದೆ.

"ನಾಕೇ ದಿನ ಮೇಡಂ. ಸರ್ಕಾರದೋರು ಮನೆ ಯಜಮಾನಿಗೆ ಕೊಡೋ ಎರಡು ಸಾವಿರ ಮೂರು ತಿಂಗ್ಳಿಂದ ಬಂದಿಲ್ಲ. ಅದನ್ನ ನಂಬ್ಕಂಡು ಜಗಳೂರಾಗೆ ಮನೆ ಬಾಡಿಗೆ ಹಿಡಿದೆ. ಸುಲಿದಷ್ಟು ಕೆ.ಜಿ.ಗೆ ದುಡ್ಡು, ಇವ್ಳ ಕೈ ಚುರುಕು. ಭಾನುವಾರ ಸಂಜಿಗೆ ನಾನೇ ತಂದು ಬಿಡ್ತೀನಿ."

ರುದ್ರಾಣಿ ಗಣಿತದ ಪುಸ್ತಕ ಚೀಲಕ್ಕೆ ಹಾಕಿಕೊಂಡಳು. ಗೇಟಿನ ಹತ್ತಿರ ಅವಳ ತಲೆ ಮುಟ್ಟಿ, "ಭಾನುವಾರ ಎಣಿಸ್ತೀನಿ. ಕಮ್ಮಿ ಬಂದರೆ ಬಸವಾಪಟ್ಟಣಕ್ಕೇ ಬಂದು ಎಳ್ಕೊಂಡು ಬರ್ತೀನಿ" ಅಂದೆ. ನಕ್ಕಳು.

ಡಿಸೆಂಬರ್ 30, ಮಂಗಳವಾರ

ಏಳರಲ್ಲಿ ಒಬ್ಬಳೂ ಬಂದಿಲ್ಲ.

ಮುರುಗೇಶಪ್ಪನವರು ಬೇಳೆ ಕೊಡಲಿಲ್ಲ. ಜೋರು ಮಾಡಲಿಲ್ಲ, ಕೈ ಮುಗಿದರು. "ಮೇಡಂ, ಸರ್ಕಾರಕ್ಕೆ ಸಾಲ ಕೊಡೋವಷ್ಟು ದೊಡ್ಡೋನಲ್ಲ ನಾನು" ಅಂದರು. ನನ್ನ ಸಂಬಳದಿಂದ ಎಂಟು ಸಾವಿರ ಕೊಟ್ಟು ಮೂಟೆ ಎತ್ತಿಸಿಕೊಂಡು ಬಂದೆ. ಧರ್ಮಪ್ಪನಿಗೆ ಹೇಳಿಲ್ಲ.

ಸಂಜೆ ಏಳು ಜನರ ಹೆಸರಿನ ಮುಂದೆ, ಇಪ್ಪತ್ತೈದರಿಂದ ಖಾಲಿ ಬಿಟ್ಟಿದ್ದ ಮನೆಗಳಲ್ಲೆಲ್ಲ, ಪೆನ್ಸಿಲಿನಲ್ಲಿ "ಹಾ" ಎಂದು ಬರೆದೆ. ನಾಳೆ ನಾಡಿದ್ದು ಬರುತ್ತಾರೆ. ಅಷ್ಟರಮಟ್ಟಿಗೆ. ಇದು ನನ್ನ ಜೇಬಿಗೆ ಹೋಗುವುದಲ್ಲ, ಮಕ್ಕಳ ಹೊಟ್ಟೆಗೆ ಹೋಗುವುದು. ಹಾಜರಿ ಬೆರಳಿನಲ್ಲಿ ಒತ್ತಿಸುವ ಮಷೀನು ಇದ್ದಿದ್ದರೆ ಇದಕ್ಕೆಲ್ಲ ಅವಕಾಶವೇ ಇರುತ್ತಿರಲಿಲ್ಲ. ಅದು ಜೂನ್‌ನಲ್ಲೇ ಕೆಟ್ಟಿತು. ರಿಪೇರಿಗೆ ಅನುದಾನವಿಲ್ಲ ಎಂದು ಉತ್ತರ ಬಂದಿದೆ.

ಜನವರಿ 5, ಸೋಮವಾರ

ಈ ವರ್ಷ ಮುರುಗೇಶಪ್ಪನವರು ಡೈರಿ ಕೊಡಲಿಲ್ಲ. ಹಳೆಯದರ ಖಾಲಿ ಹಾಳೆಗಳಲ್ಲೇ ತಾರೀಖು ಹೊಡೆದು ಬರೆಯುತ್ತಿದ್ದೇನೆ.

ಪೆನ್ಸಿಲಿನ ಮೇಲೆ ಇಂಕು ಹಾಕಿದೆ. ತಿಂಗಳ ಬಿಲ್ಲು ಕಳಿಸಬೇಕಿತ್ತು.

ಜನವರಿ 16, ಶುಕ್ರವಾರ

ಎಳ್ಳು-ಬೆಲ್ಲ ಈ ಸಲ ಬರೀ ಬೆಲ್ಲ. ಆದರೂ ಹಬ್ಬ ಹಬ್ಬವೇ.

ಆರು ಜನ ಬಂದಿದ್ದಾರೆ. ಬೇರೆ ಐದು ಜನ ಹೋಗಿದ್ದಾರೆ. ಹೋಗುವುದು ಬರುವುದು ಇದ್ದದ್ದೇ, ಪ್ರತಿ ದಿನ ಯಾರು ಎಂದು ತಿದ್ದುತ್ತಾ ಕೂರಲು ಆಗುವುದಿಲ್ಲ. ಅರವತ್ತಕ್ಕೆ ಅರವತ್ತು ಹಾಕಿದರೆ ಲೆಕ್ಕ ಸುಲಭ, ಸಾರೂ ಗಟ್ಟಿ. ಮಂಡಿ ನೋವು ಜಾಸ್ತಿಯಾಗಿದೆ. ಸಂಜೆ ಕುರ್ಚಿಯಲ್ಲೇ ಕೂತು ನಂಬರು ಕರೆಯುತ್ತೇನೆ. ಇಲ್ಲದವರ ನಂಬರಿಗೆ ಪಕ್ಕದವರು "ಹಾಜರ್" ಅನ್ನುವುದನ್ನು ಹುಡುಗಿಯರು ಕಲಿತಿದ್ದಾರೆ. ನಾನು ಹೇಳಿಕೊಟ್ಟಿದ್ದಲ್ಲ. ಅಂಜಿನಮ್ಮ ಹೇಳಿರಬೇಕು. "ಹಾಸ್ಟೆಲ್ ಮಾತು ಹಾಸ್ಟೆಲಾಗೇ ಇರ್ಬೇಕು, ಹೊರಗೆ ಹೋದ್ರೆ ಮೊಟ್ಟೆ ಹೋಗ್ತೈತೆ" ಎಂದು ಅವಳು ಬಡಿಸುವಾಗ ಅನ್ನುತ್ತಿದ್ದುದು ಕಿವಿಗೆ ಬಿತ್ತು.

ನಾನು ಹೊನ್ನಾಳಿಗೆ ಹೋದಾಗ ಓಬವ್ವ ಯಾರದೋ ಫೋನಿನಿಂದ ಹಾಸ್ಟೆಲಿಗೆ ಮಾಡಿದ್ದಳಂತೆ. ಲೀಡರ್ ಪೂಜಾ ಎತ್ತಿದ್ದಾಳೆ. "ರುದ್ರಾಣಿ ಹೆಸರು ಹೊಡೆದು ಹಾಕ್ಯಾರಾ ಅಂತ ಕೇಳಿದ್ಲು ಮೇಡಂ. ಇಲ್ಲ, ದಿನಾ ಹಾಜರಿ ಬೀಳ್ತೈತೆ ಅಂದೆ." ತಪ್ಪೇನೂ ಹೇಳಿಲ್ಲ. ತಿರುಗಿ ಮಾಡಿದರೆ ಆ ನಂಬರು ಹತ್ತಲಿಲ್ಲ. ಈ ಭಾನುವಾರ ಬಸವಾಪಟ್ಟಣಕ್ಕೆ ಹೋಗಿ ಬರಬೇಕು.

ಜನವರಿ 23, ಶುಕ್ರವಾರ

ಭಾನುವಾರ ಗ್ಯಾಸ್ ಖಾಲಿಯಾಗಿ ಸೌದೆ ಹುಡುಕುವುದರಲ್ಲೇ ಹೋಯಿತು.

ಹೈಸ್ಕೂಲಿನ ಪ್ರೇಮಮ್ಮ ಟೀಚರ್ ಗೇಟಿನಲ್ಲಿ ಸಿಕ್ಕರು. "ರುದ್ರಾಣಿ ತಿಂಗ್ಳಾತು ಕ್ಲಾಸಿಗೆ ಬಂದಿಲ್ಲ, ಉಳಿದ ಹುಡುಗೀರ್ನ ಕೇಳಿದ್ರೆ ಬಾಯಿ ಬಿಡವಲ್ರು, ಎಲ್ಲಿ ಮೇಡಂ ಅವ್ಳು?" ಎಂದು ಕೇಳಿದರು. ರಿಜಿಸ್ಟರು ಕಂಕುಳಲ್ಲೇ ಇತ್ತು. ಕಾಮಾಲೆ ಆಗಿದೆ, ಹಾಸ್ಟೆಲಿನಲ್ಲೇ ಮಲಗಿಸಿದ್ದೇನೆ ಎಂದು ಬಾಯಿಂದ ಬಂದುಬಿಟ್ಟಿತು. ಬರೆದು ಕೊಡಿ ಅಂದರು, ಬರೆದು ಕೊಟ್ಟೆ.

"ಸದ್ಯ, ನಿಮ್ಮತ್ರ ಅದಾಳಲ್ಲ. ಹತ್ತನೇ ಕ್ಲಾಸಿನ ಮಕ್ಕಳು ಬರ್ಲಿಲ್ಲ ಅಂದ್ರೆ ನಾವೇ ಮನೆಗೆ ಹೋಗಿ ಕರ್ಕಂಡು ಬರ್ಬೇಕು ಅಂತ ಆರ್ಡರ್ ಆಗೈತೆ. ನಾಳೆ ಅವ್ಳ ಅವ್ವನ್ನ ಹುಡುಕ್ಕಂಡು ಹೊರಟಿದ್ದೆ. ಒಂದು ತಿರುಗಾಟ ಉಳೀತು" ಅಂದರು.

ಸದ್ಯ.

ಫೆಬ್ರವರಿ 5, ಗುರುವಾರ

ತಲೆನೋವು. ಹಾಲು ಅರ್ಧ ಲೀಟರಿಗೆ ಇಳಿಸಿದ್ದಕ್ಕೆ ಮನೆಯಲ್ಲಿ ಸಣ್ಣ ರಗಳೆ. ಧರ್ಮಪ್ಪ ಟೀ ಇಲ್ಲದೆ ಮಾತೇ ಆಡುವುದಿಲ್ಲ, ಇವತ್ತು ಆಡಿದ. ಬಸವಾಪಟ್ಟಣದ ಸ್ಟಾಪಿನಲ್ಲಿ ಒಬ್ಬ ಹುಡುಗಿ ಬಸ್ಸಿನ ಕಿಟಕಿ ಹತ್ತಿರ ಬಂದು, "ಅಣ್ಣ, ನ್ಯಾಮತಿ ಹಾಸ್ಟೆಲ್ ಮೇಡಂ ಹುಷಾರಾಗಿ ಅದಾರಾ?" ಎಂದು ಕೇಳಿದಳಂತೆ. ಹುಷಾರಾಗೇ ಅದಾರೆ ಅಂದನಂತೆ. ಹಳೆಯ ವಿದ್ಯಾರ್ಥಿನಿ ಯಾರೋ ಇರಬೇಕು. ನೆನಪಿಟ್ಟುಕೊಂಡಿದ್ದಾರಲ್ಲ, ಸಂತೋಷ.

ಫೆಬ್ರವರಿ 12, ಗುರುವಾರ

ತಾಲೂಕಿನಿಂದ ತಪಾಸಣೆಗೆ ಬಂದಿದ್ದರು. ರಿಜಿಸ್ಟರಿನಲ್ಲಿ ಅರವತ್ತು. ನಾನು ನಂಬರು ಕರೆದೆ, ಅರವತ್ತು "ಹಾಜರ್" ಬಂತು. ಸಾಹೇಬರು ಫೋನಿನಲ್ಲಿದ್ದರು, ತಲೆ ಎತ್ತಲಿಲ್ಲ. "ಅನುದಾನದ ಕೊರತೆಯ ನಡುವೆಯೂ ಉತ್ತಮ ನಿರ್ವಹಣೆ" ಎಂದು ಬರೆದು ಸಹಿ ಹಾಕಿದರು. ಮಂಡಿ ನೋವು ಸ್ವಲ್ಪ ಕಡಿಮೆ.

ಫೆಬ್ರವರಿ 20, ಶುಕ್ರವಾರ

ಎರಡು ತಿಂಗಳ ಬಿಲ್ಲು ಬಂತು! ಕಲ್ಲೇಶ್ ಬೆಳಿಗ್ಗೆ ಫೋನ್ ಮಾಡಿದ. ಮುರುಗೇಶಪ್ಪನವರಿಗೆ ಅರ್ಧ ಬಾಕಿ ಕೊಟ್ಟೆ, ಖುಷಿಯಾಗಿ ಒಂದು ಕ್ಯಾಲೆಂಡರ್ ಕೊಟ್ಟರು. ಫೆಬ್ರವರಿ ಮುಗಿಯುತ್ತಾ ಬಂದಿದೆ, ಇರಲಿ.

ಇವತ್ತು ಇಡೀ ಮೊಟ್ಟೆ. ಹುಡುಗಿಯರು ಸಿಪ್ಪೆ ಬಿಡಿಸಿ ಸ್ವಲ್ಪ ಹೊತ್ತು ಹಾಗೇ ಕೈಯಲ್ಲಿ ಹಿಡಿದುಕೊಂಡಿದ್ದರು. ಅರವತ್ತರ ಲೆಕ್ಕದಲ್ಲಿ ಬೇಯಿಸಿದ್ದರಿಂದ ಆರು ಹೆಚ್ಚಾದವು. ಐದನ್ನು ಚಿಕ್ಕ ಮಕ್ಕಳಿಗೆ ಕೊಟ್ಟೆವು. ಕೊನೆಯದನ್ನು ತಟ್ಟೆಯಲ್ಲಿ ಇಟ್ಟುಕೊಂಡು ಅಂಜಿನಮ್ಮ, "ಇದು ಇಪ್ಪತ್ತೇಳರದ್ದು. ಇದು ಯಾರಿಗೆ?" ಅಂದಳು. ಮುಟ್ಟಾದ ಹುಡುಗಿಗೆ ಕೊಡು ಅಂದೆ. ಇನ್ನು ಮುಂದೆ ಹಾಗೇ ಎಂದು ಹುಡುಗಿಯರೇ ಪಾಳಿ ಮಾಡಿಕೊಂಡರು. ಒಳ್ಳೆಯ ಮಕ್ಕಳು. ತುಂಬ ದಿನದ ಮೇಲೆ ಮನಸ್ಸು ಹಗುರ.

ಮಾರ್ಚ್ 6, ಶುಕ್ರವಾರ

ಊಟದ ಹಾಲಿನ ಟಿ.ವಿ.ಯಲ್ಲಿ ಬಜೆಟ್. ಭಾಷಣ ಉದ್ದ, ಅಂಜಿನಮ್ಮ ಕೂತಲ್ಲೇ ತೂಕಡಿಸಿದಳು. ನಾನು ಬಿಟ್ಟೂಬಿಡದೆ ಕೇಳಿದೆ. ಮುಂದಿನ ವರ್ಷ ಇಷ್ಟು ಬರುತ್ತದೆ, ಇಷ್ಟು ಖರ್ಚಾಗುತ್ತದೆ, ನಡುವೆ ಇಷ್ಟು ಸಾಲ. ಊಟದ ಭತ್ಯೆ ಏರಿಸುತ್ತಾರೇನೋ ಎಂದು ಕಿವಿ ನಿಮಿರಿಸಿ ಕೂತಿದ್ದೆ. ನಮ್ಮ ಸರದಿ ಬರುವ ಮೊದಲೇ ಕರೆಂಟು ಹೋಯಿತು.

ಸಂಜೆ ಬಿಲ್ಲಿನ ವಿಷಯಕ್ಕೆ ಕಲ್ಲೇಶನಿಗೆ ಫೋನ್ ಮಾಡಿದಾಗ ಕೇಳಿದೆ, ಹೋದ ವರ್ಷ ಬರೆದಷ್ಟು ಬರಲಿಲ್ಲವಲ್ಲ, ಆ ಪುಟವನ್ನು ಏನು ಮಾಡುತ್ತಾರೆ ಎಂದು. "ಪರಿಷ್ಕೃತ ಅಂದಾಜು ಅಂತ ಪಕ್ಕದಾಗೆ ಇನ್ನೊಂದು ಕಾಲಂ ಐತಲ್ರೀ ಮೇಡಂ. ಬರ್ಲಿಲ್ಲ ಅನ್ನಾದನ್ನ ಅವ್ರು ಅದ್ರಾಗೆ ಬರ್ಕಂತಾರೆ" ಅಂದ.

ಹಾಗೆ ಒಂದು ಕಾಲಂ ಇರುವುದು ಒಳ್ಳೆಯದೇ. ನನ್ನ ರಿಜಿಸ್ಟರಿನಲ್ಲಿ ಅದಿಲ್ಲ.

ಮಾರ್ಚ್ 11, ಬುಧವಾರ

ಪ್ರೇಮಮ್ಮ ಟೀಚರ್ ಹಾಲ್ ಟಿಕೇಟು ತಂದು ಕೈಗೆ ಕೊಟ್ಟರು. ರುದ್ರಾಣಿಯದು. "ಹಾಜರಿ ಕಮ್ಮಿ ಇತ್ತು. ನಿಮ್ಮ ಕಾಮಾಲೆ ಚೀಟಿ ಇಟ್ಟು ಹೆಂಗೋ ಮಾಡಿಸ್ಕಂಡು ಬಂದೀನಿ. ಈಗ ಎದ್ದು ಓಡಾಡ್ತಾಳೇನು? ಬರೋ ಬುಧವಾರದಿಂದ ಪರೀಕ್ಷೆ. ಹಿಂಗೆ ಕರೀರಿ, ನೋಡ್ಕಂಡು ಹೋಗ್ತೀನಿ."

ಮಲಗಿದ್ದಾಳೆ ಅಂದೆ.

ಹಾಲ್ ಟಿಕೇಟಿನಲ್ಲಿ ಅವಳ ಫೋಟೋ ಇದೆ. ಎಣ್ಣೆ ಹಚ್ಚಿ ಬಿಗಿಯಾಗಿ ಬಾಚಿದ ತಲೆ. ಮಧ್ಯಾಹ್ನ ರಿಜಿಸ್ಟರು ತೆಗೆದು ಇಪ್ಪತ್ತೇಳರ ಸಾಲಿನಲ್ಲಿ ಬೆರಳಿಟ್ಟು ಹಿಂದಕ್ಕೆ ಹೋದೆ. ಹಾ, ಹಾ, ಹಾ, ಹಾ. ಎಂದಿನಿಂದ ಇಲ್ಲ ಎಂದು ನನ್ನ ಪುಸ್ತಕದಲ್ಲೇ ನನಗೆ ಸಿಗಲಿಲ್ಲ. ಈ ಡೈರಿ ತಿರುವಿ ನೋಡಿ ತಿಳಿದುಕೊಂಡೆ. ಡಿಸೆಂಬರ್ ಇಪ್ಪತ್ನಾಲ್ಕು. ಡೈರಿ ತಿರುವಿದ್ದರಿಂದ ಬೇರೆಯದೂ ಓದಬೇಕಾಯಿತು. ಧರ್ಮಪ್ಪನ ಬಸ್ಸಿನ ಕಿಟಕಿಗೆ ಬಂದ ಹುಡುಗಿ ಯಾರು ಎಂದು ಈಗ ಗೊತ್ತಾಯಿತು. ನನಗೆ ನಾಚಿಕೆಯಾಗುತ್ತಿದೆ. ನಾಚಿಕೆ ಚಿಕ್ಕ ಮಾತಾಯಿತು.

ಮಾರ್ಚ್ 14, ಶನಿವಾರ

ಎರಡು ದಿನ ಇಲಾಖೆಯ ಮೀಟಿಂಗು, ಇವತ್ತು ಬಸವಾಪಟ್ಟಣಕ್ಕೆ ಹೋದೆ. ಹೊನ್ನಾಳಿಯಲ್ಲಿ ಬಸ್ ಬದಲಿಸಿದೆ. ದಾರಿಯುದ್ದಕ್ಕೂ ಸಿಗುತ್ತಾಳೋ ಇಲ್ಲವೋ ಎಂದು ಒಂದೇ ಯೋಚನೆ. ಸಿಗದಿದ್ದರೆ ಯಾರಿಗೆ ಹೇಳುವುದು? ಕಾಗದದಲ್ಲಿ ಅವಳು ಕಳೆದೇ ಇಲ್ಲವಲ್ಲ. ದೂರು ಕೊಟ್ಟರೆ ಪೊಲೀಸರು ನನ್ನ ರಿಜಿಸ್ಟರನ್ನೇ ತೆಗೆದು ತೋರಿಸುತ್ತಾರೆ.

ಸುಲಿಯುವ ಕೆಲಸ ಮುಗಿದಿದೆ, ಈಗ ಶೆಡ್ಡಿನಲ್ಲಿ ಆರಿಸುವ ಕೆಲಸ. ಹತ್ತು ಹನ್ನೆರಡು ಹೆಂಗಸರು ಒಣಗಿದ ಅಡಿಕೆಯ ರಾಶಿಯ ಸುತ್ತ ಕೂತಿದ್ದರು. ಓಬವ್ವ ನನ್ನ ನೋಡಿ ಗಾಬರಿಯಿಂದ ಎದ್ದಳು.

"ಏನಾತು ಮೇಡಂ? ಹೆಸರು ಹೊಡೆದ್ರಾ?"

"ಭಾನುವಾರ ಬಿಡ್ತೀನಿ ಅಂದಿದ್ದೆಯಲ್ಲ ಓಬವ್ವ. ಮೂರು ತಿಂಗಳಾಯ್ತು."

"ಹಾಜರಿ ಬೀಳ್ತೈತೆ ಅಂದ್ರಲ್ಲ ಮೇಡಂ ಫೋನಿನಾಗೆ? ಅದಕ್ಕೇ ನಾನು ಧೈರ್ಯವಾಗಿ ಇಟ್ಕಂಡೆ. ಬಡವರ ಮಕ್ಕಳ ಕಷ್ಟ ನೋಡಿ ಮೇಡಮ್ಮೋರೇ ನಡೆಸ್ಕಂಡು ಹೋಗ್ತಾ ಅದಾರೆ ಅಂತ ದಿನಾ ನಿಮ್ಮ ಹೆಸರು ಹೇಳಿ ಕೈ ಮುಗೀತಿದ್ದೆ. ಎರಡು ಸಾವಿರ ಬರಾ ತಂಕ ಅಂತ ಇದ್ವಿ. ಒಂದು ತಿಂಗ್ಳದ್ದು ಬಂತು, ಉಳಿದಿದ್ದು ಇನ್ನೂ ಬರ್ಬೇಕು."

ಅವಳು ಸುಳ್ಳು ಹೇಳುತ್ತಿರಲಿಲ್ಲ. ಅವಳು ನಂಬಿದ್ದಳು. ನಾನು ಬರೆದದ್ದನ್ನು ನಂಬಿದ್ದಳು.

ರುದ್ರಾಣಿ ರಾಶಿಯ ಆಚೆಯಿಂದ ಎದ್ದು ಬಂದಳು. ಬೆರಳುಗಳು ಕಪ್ಪಾಗಿದ್ದವು, ಹೆಬ್ಬೆರಳಿಗೆ ಬಟ್ಟೆ ಸುತ್ತಿತ್ತು. ನನ್ನೆದುರು ನಿಂತು ತಲೆ ಮುಂದಕ್ಕೆ ಒಡ್ಡಿದಳು. ಅಭ್ಯಾಸ. ನನ್ನ ಕೈ ಏಳಲಿಲ್ಲ.

"ಹೇಳಿ ಕಳಿಸೋದಲ್ಲವೇನೇ?" ಅಂದೆ. ಕೇಳಲು ನನಗೇನು ಬಾಯಿತ್ತೋ.

"ತಲೆ ಮುಟ್ಟಿ ಎಣಿಸ್ತೀರಲ್ಲ ಮೇಡಂ. ಒಂದು ಕಮ್ಮಿ ಬಂದ ದಿನ ನೀವೇ ಬರ್ತೀರಿ ಅಂತ ಇದ್ದೆ. ಹುಷಾರಿಲ್ಲೇನೋ ಅಂತ ಒಂದ್ಸಲ ಬಸ್ಸಿನೋರ್ನ ಕೇಳಿದ್ದೆ."

"ಬಸ್ಸಿರಲಿಲ್ಲ" ಅಂದೆ. ಅಷ್ಟು ದೂರ ಹೋಗಿ ಅಲ್ಲೂ ಒಂದು ಸುಳ್ಳು ಹೇಳಿ ಬಂದೆ.

ಬುಧವಾರ ಪರೀಕ್ಷೆ ಎಂದು ಓಬವ್ವನಿಗೆ ಹೇಳಿ ರುದ್ರಾಣಿಯನ್ನು ಕರೆದುಕೊಂಡು ಹೊರಟೆ, ವಾಪಸು ಬರುವಾಗ ಬಸ್ಸು ಖಾಲಿಯಿತ್ತು. ಪುಸ್ತಕ ತೊಡೆಯ ಮೇಲೆ ಇಟ್ಟುಕೊಂಡು ಕೂತಳು. ಅಡಿಕೆಯ ಕಲೆಯಿಂದ ಗಣಿತದ ಪುಟಗಳು ಕಂದಾಗಿವೆ. ಕೊನೆಯ ಮೂರು ಪಾಠ ಯಾರೂ ಹೇಳಿಕೊಟ್ಟಿಲ್ಲ, ತಾನೇ ಓದಿಕೊಂಡಿದ್ದಾಳೆ. ಒಂದು ಲೆಕ್ಕ ತೋರಿಸಿ ಸರಿಯಾ ಎಂದು ಕೇಳಿದಳು. ನನಗೆ ಗೊತ್ತಾಗಲಿಲ್ಲ.

ಮಾರ್ಚ್ 15, ಭಾನುವಾರ

ನಿಜ ಬರೆದುಬಿಡೋಣ ಎಂದು ಬೆಳಿಗ್ಗೆಯೇ ಕೆಂಪು ಪೆನ್ನು ತೆಗೆದೆ. ಆಮೇಲೆ ಹೊಳೆಯಿತು. ನಾನು ಗೈರು ಎಂದು ಬರೆದ ಗಳಿಗೆಗೆ ಕಾಮಾಲೆ ಚೀಟಿ ಸುಳ್ಳಾಗುತ್ತದೆ, ಹಾಜರಿ ಕಡಿಮೆ ಎಂದು ಹಾಲ್ ಟಿಕೇಟು ಹೋಗುತ್ತದೆ. ಸುಳ್ಳಿನಿಂದ ಹುಡುಗಿ ಮೂರು ತಿಂಗಳು ಕಳೆದುಕೊಂಡಳು, ನಿಜ ಹೇಳಿದರೆ ವರ್ಷ ಕಳೆದುಕೊಳ್ಳುತ್ತಾಳೆ. ಅತ್ತ ದರಿ ಇತ್ತ ಪುಲಿ. ಏಪ್ರಿಲ್ ಎರಡಕ್ಕೆ ಕೊನೆಯ ಪರೀಕ್ಷೆ. ಅಲ್ಲಿಯವರೆಗೆ ಈ ಸುಳ್ಳನ್ನು ನಾನೇ ಹೊರಬೇಕು. ಪೆನ್ನಿನ ಮುಚ್ಚಳ ಹಾಕಿದೆ.

ಸಂಜೆ ಹಾಜರಿ. ಕುರ್ಚಿಯಲ್ಲಿ ಕೂತಿದ್ದೆ. ಪೂಜಾ ನಂಬರು ಕರೆಯುತ್ತಿದ್ದಳು. ಇಪ್ಪತ್ತೈದು, ಹಾಜರ್. ಇಪ್ಪತ್ತಾರು, ಹಾಜರ್. ಇಪ್ಪತ್ತೇಳು.

"ಹಾಜರ್."

ಹೇಳಿದ್ದು ರುದ್ರಾಣಿಯಲ್ಲ. ಅವಳು ಬಾಯಿ ತೆರೆಯುವ ಮೊದಲೇ ಹಿಂದಿನ ಸಾಲಿನ ಯಾರೋ ಹುಡುಗಿ, ಇಷ್ಟು ದಿನದ ರೂಢಿಯ ಮೇಲೆ, ಹೇಳಿಬಿಟ್ಟಿದ್ದಳು. ಪೂಜಾ ಇಪ್ಪತ್ತೆಂಟಕ್ಕೂ ಹೋಗಿಬಿಟ್ಟಿದ್ದಳು. ರುದ್ರಾಣಿ ಬಾಯಿ ತೆರೆದೇ ನಿಂತಿದ್ದಳು. ಹಿಂದೆ ತಿರುಗಿ ನೋಡಿದಳು, ಆಮೇಲೆ ನನ್ನ ಕಡೆ ನೋಡಿದಳು. ಕಮ್ಮಿ ಬಂದಿರಲೇ ಇಲ್ಲ ಎಂದು ಅವಳಿಗೆ ಆಗ ಗೊತ್ತಾಯಿತು. ಲೆಕ್ಕದಲ್ಲಿ ಚುರುಕು ಹುಡುಗಿ, ಹೇಳಿಕೊಡಬೇಕಾಗಲಿಲ್ಲ.

ಕುರ್ಚಿಯಿಂದ ಎದ್ದೆ. ಮಂಡಿ ಕಟಕ್ಕೆಂದಿತು. ಒಂದರಿಂದ ಶುರು ಮಾಡಿ ಎಲ್ಲರ ತಲೆ ಮುಟ್ಟಿದೆ. ಇಪ್ಪತ್ತೇಳಕ್ಕೆ ಬಂದಾಗ ಅವಳು ತಲೆ ಒಡ್ಡಲಿಲ್ಲ, ನೇರ ನಿಂತಿದ್ದಳು. ನಾನೇ ಕೈ ಎತ್ತಿ ಇಟ್ಟೆ. ಎಣ್ಣೆ ಕಾಣದ ಕೂದಲು, ಅಡಿಕೆ ಧೂಳು.

ಮಾರ್ಚ್ 17, ಮಂಗಳವಾರ

ನಾಳೆ ಪರೀಕ್ಷೆ. ಮೊಟ್ಟೆ ಬಡಿಸುವಾಗ ರುದ್ರಾಣಿ ಅಂಜಿನಮ್ಮನನ್ನು ಕೇಳಿದಳು, "ನಾನಿಲ್ದಾಗ ನಂದು ಯಾರು ತಿಂದ್ರು?"

ಅಂಜಿನಮ್ಮ, "ಎಲ್ಲಾರೂ ತಿಂದ್ರವ್ವ" ಅಂದಳು. ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಈರುಳ್ಳಿ ಹೆಚ್ಚುತ್ತಿರಲಿಲ್ಲ.

ಮಾರ್ಚ್ 31, ಮಂಗಳವಾರ

ಸರ್ಕಾರದ ವರ್ಷದ ಕೊನೆಯ ದಿನ. ಸಂಜೆ ಏಳಕ್ಕೆ ಕಲ್ಲೇಶ್ ಫೋನು. "ಮೇಡಂ, ಬಾಯಿ ಸಿಹಿ ಮಾಡ್ರಿ. ಈಗಷ್ಟೇ ಬಿಡುಗಡೆ ಆತು. ಬಾಕಿ ಇದ್ದ ಎಲ್ಲಾ ಬಿಲ್ಲೂ, ಡಿಸೆಂಬರಿಂದ ಅರವತ್ತು ತಲೇದೂ, ಒಂದು ಪೈಸೆ ಕಟ್ ಇಲ್ಲ."

ಇಷ್ಟು ತಿಂಗಳು ಕಾದ ಸುದ್ದಿ. ಸರಿ ಕಲ್ಲೇಶ್ ಎಂದು ಇಟ್ಟೆ. ಅವನಿಗೆ ಬೇಜಾರಾಗಿರಬೇಕು.

ಏಪ್ರಿಲ್ 2, ಗುರುವಾರ

ಕೊನೆಯ ಪತ್ರಿಕೆ ಮುಗಿಯಿತು. ಗಣಿತ ಹೇಗಾಯಿತು ಎಂದು ಮೊದಲೇ ಕೇಳಿದ್ದೆ. "ಪಾಸ್ ಆಗ್ತೀನಿ ಮೇಡಂ" ಅಂದಿದ್ದಳು. ತೊಂಬತ್ತರ ಹುಡುಗಿ ಪಾಸ್ ಆಗ್ತೀನಿ ಅಂದರೆ ಏನರ್ಥ ಎಂದು ನನಗೆ ಗೊತ್ತು. ಪಾಲಿಟೆಕ್ನಿಕ್ಕಿನ ಮಾತು ಇಬ್ಬರೂ ಎತ್ತಲಿಲ್ಲ.

ಮಧ್ಯಾಹ್ನ ಕೂತು ಕೆಂಪು ಪೆನ್ನಿನಲ್ಲಿ ತಿದ್ದಿದೆ. ಡಿಸೆಂಬರ್ ಇಪ್ಪತ್ತೈದರಿಂದ ಮಾರ್ಚ್ ಹದಿಮೂರರವರೆಗೆ, ಇಪ್ಪತ್ತೇಳರ ಸಾಲಿನಲ್ಲಿ ಎಪ್ಪತ್ತೊಂಬತ್ತು ಸಲ "ಗೈ" ಎಂದು ಬರೆದು ಪ್ರತಿಯೊಂದಕ್ಕೂ ಸಹಿ ಹಾಕಿದೆ. ಉಳಿದವರದು ಯಾವ ಯಾವ ದಿನ ಎಂದು ನೆನಪಿದ್ದಷ್ಟು ಬರೆದೆ, ನೆನಪಿಲ್ಲದ್ದಕ್ಕೆ ನೆನಪಿಲ್ಲ ಎಂದೇ ಬರೆದೆ. ಸಾಹೇಬರಿಗೆ ಪತ್ರ ಸಿದ್ಧವಾಗಿದೆ. ಚೀಟಿ ಸುಳ್ಳು, ಬರೆದವಳು ನಾನು, ಹುಡುಗಿಯದು ತಪ್ಪಿಲ್ಲ, ಅವಳ ಪರೀಕ್ಷೆಗೆ ಕೈ ಹಚ್ಚಬೇಡಿ ಎಂದಿದ್ದೇನೆ. ಹೆಚ್ಚು ಬಂದ ದುಡ್ಡು ನನ್ನ ಸಂಬಳದಲ್ಲಿ ಮುರಿದುಕೊಳ್ಳಿ ಎಂದಿದ್ದೇನೆ. ನಾಳೆ ರಜ, ಶನಿವಾರ ನಾನೇ ಹೋಗಿ ಕೊಡುತ್ತೇನೆ. ಧರ್ಮಪ್ಪನಿಗೆ ಓದಿ ಹೇಳಿದೆ. "ಟಿಕೇಟ್ ನಾನೇ ಹರೀತೀನಿ ಬಾ, ದುಡ್ಡು ಬೇಡ" ಅಂದ.

ನಾಲ್ಕು ಗಂಟೆಗೆ ಓಬವ್ವ ಬಂದಳು. ರುದ್ರಾಣಿ ಟ್ರಂಕು ಎತ್ತಿಕೊಂಡು ಗೇಟಿನವರೆಗೆ ಹೋಗಿ ತಿರುಗಿ ಬಂದಳು. ಏನೋ ಮರೆತಿರಬೇಕು ಅಂದುಕೊಂಡೆ.

"ಮೇಡಂ, ನಾನು ಹೋದ್ಮೇಲೆ ನನ್ನ ನಂಬರ್ ಕರೀಬೇಡ್ರಿ" ಅಂದಳು. ಸಿಟ್ಟಿನಲ್ಲಿ ಹೇಳಲಿಲ್ಲ.

ಸಂಜೆ ನಿಂತೇ ಎಣಿಸಿದೆ. ಇಪ್ಪತ್ತಾರರ ತಲೆ ಮುಟ್ಟಿ ಮುಂದಕ್ಕೆ ಕೈ ಚಾಚಿದೆ. ಅಲ್ಲಿ ಯಾರೂ ಇರಲಿಲ್ಲ, ಯಾರೂ ಹಾಜರ್ ಅನ್ನಲಿಲ್ಲ. ಒಂದು ಗಳಿಗೆ ಕೈ ಅಲ್ಲೇ ಇತ್ತು. ಆಮೇಲೆ ಇಪ್ಪತ್ತೆಂಟಕ್ಕೆ ಹೋದೆ. ಹತ್ತನೇ ಕ್ಲಾಸಿನವರು ಊರಿಗೆ ಹೊರಟ ಮೇಲೆ ಒಟ್ಟು ಮೂವತ್ತೆಂಟು ತಲೆ. ನಾಳೆಗೆ ಮೂವತ್ತೆಂಟೇ ಮೊಟ್ಟೆ ಬೇಯಿಸಲು ಅಂಜಿನಮ್ಮನಿಗೆ ಹೇಳಿದೆ.